ಡಾಕ್ಟರ್, ಸೈನಿಕ, ಸಂಸದ: ಅರ್ಲ್ ಪೇಜ್ ಪ್ರಕರಣ

ಅರ್ಲ್ ಪೇಜ್ ಆಸ್ಟ್ರೇಲಿಯಾದ ಸಂಸತ್ತಿನಲ್ಲಿ 41 ವರ್ಷ 361 ದಿನ ಕೂತಿದ್ದರು. 1919ರ ಡಿಸೆಂಬರ್ 13ರಿಂದ 1961ರ ಡಿಸೆಂಬರ್ 9ರವರೆಗೆ, ಅದೂ ಒಂದೇ ಕ್ಷೇತ್ರದಿಂದ. ಅದಕ್ಕೂ ಮೊದಲು ಅವರು ಸರ್ಜನ್. ಮೊದಲ ಮಹಾಯುದ್ಧದಲ್ಲಿ ಸೇನೆಯ ವೈದ್ಯ ದಳದಲ್ಲಿ ಕ್ಯಾಪ್ಟನ್. ಮುಂದೆ ಹಣಕಾಸು ಸಚಿವ, ವಾಣಿಜ್ಯ ಸಚಿವ, ಆರೋಗ್ಯ ಸಚಿವ. ನಡುವೆ 1939ರಲ್ಲಿ ಮೂರು ವಾರಕ್ಕಿಂತ ಕಡಿಮೆ ಕಾಲ ಪ್ರಧಾನಿ.

ಡಾಕ್ಟರ್ ಒಬ್ಬರು ಚುನಾವಣೆಗೆ ನಿಂತರೆ ಜನಕ್ಕೆ ಅರ್ಧ ನಂಬಿಕೆ ಮೊದಲೇ ಬಂದಿರುತ್ತದೆ. ಮಾಜಿ ಸೈನಿಕರು ನಿಂತರೂ ಹಾಗೇ. ಎರಡೂ ಒಬ್ಬರಲ್ಲೇ ಇದ್ದರೆ ಕೇಳುವುದೇ ಬೇಡ. ಆದರೆ ಆ ಅನುಭವ ಸಂಸತ್ತಿನ ಒಳಗೆ ಏನು ಕೆಲಸ ಮಾಡುತ್ತದೆ ಎಂದು ಯಾರೂ ಜಾಸ್ತಿ ಕೇಳುವುದಿಲ್ಲ. ಪೇಜ್ ಅವರ ಜೀವನದಲ್ಲಿ ಇದಕ್ಕೆ ಎರಡು ಸ್ಪಷ್ಟ ಉತ್ತರ ಸಿಗುತ್ತವೆ. 1939ರ ಏಪ್ರಿಲ್‌ನಲ್ಲಿ ಅವರು ತಮ್ಮ ಸೈನಿಕ ಹಿನ್ನೆಲೆಯನ್ನು ಇನ್ನೊಬ್ಬರ ಮೇಲೆ ಎತ್ತಿದರು. 1950ರ ನಂತರ ತಮ್ಮ ವೈದ್ಯ ವೃತ್ತಿಯ ತಿಳಿವಳಿಕೆಯನ್ನು ಒಂದು ಕಾನೂನಿಗೆ ಹಚ್ಚಿದರು. ಮೊದಲನೆಯದು ಅವರನ್ನೇ ಬೀಳಿಸಿತು. ಎರಡನೆಯದರ ಒಂದು ಭಾಗ ಇವತ್ತಿಗೂ ನಡೆಯುತ್ತಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೇ ಈ ಬರಹ.

ಗ್ರಾಫ್ಟನ್‌ನ ಸರ್ಜನ್

ಪೇಜ್ ಹುಟ್ಟಿದ್ದು 1880ರ ಆಗಸ್ಟ್ 8ರಂದು, ನ್ಯೂ ಸೌತ್ ವೇಲ್ಸ್‌ನ ಗ್ರಾಫ್ಟನ್ ಎಂಬ ಊರಲ್ಲಿ. ಕ್ಲಾರೆನ್ಸ್ ನದಿಯ ದಂಡೆಯ ಊರು. 11 ಮಕ್ಕಳ ಮನೆ. ಸಿಡ್ನಿ ಇಲ್ಲಿಂದ ಸುಮಾರು 600 ಕಿಲೋಮೀಟರ್ ದೂರ. ಆ ಕಾಲಕ್ಕೆ ಹೆಚ್ಚಿನವರು ಹಡಗಿನಲ್ಲೇ ಹೋಗಿಬರುತ್ತಿದ್ದರು. ಹುಡುಗ ಓದಿನಲ್ಲಿ ಚುರುಕು. ವಿದ್ಯಾರ್ಥಿ ವೇತನ ಗಳಿಸಿ ಸಿಡ್ನಿಗೆ ಹೋಗಿ, 1902ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದರು.

ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಮರಣೋತ್ತರ ಪರೀಕ್ಷೆ ಮಾಡುವಾಗ ಅವರಿಗೇ ಸೋಂಕು ತಗುಲಿತು. ಸಾವಿನ ಅಂಚಿಗೆ ಹೋಗಿ ಬಂದರು. ಪೆನಿಸಿಲಿನ್ ಇನ್ನೂ ಇಲ್ಲದ ಕಾಲ ಅದು. ಸೋಂಕು ರಕ್ತಕ್ಕೆ ಇಳಿದರೆ ಡಾಕ್ಟರ್ ಆದರೇನು, ಯಾರಾದರೇನು, ದೇಹ ತಾನೇ ಹೋರಾಡಿ ಗೆಲ್ಲಬೇಕಿತ್ತು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚೇತರಿಸಿಕೊಂಡ ಮೇಲೆ ಅವರು ಊರಿಗೆ ವಾಪಸ್ ಬಂದರು. ನದಿಯ ಆಚೆ ದಡದ ಸೌತ್ ಗ್ರಾಫ್ಟನ್‌ನಲ್ಲಿ ಖಾಸಗಿ ಆಸ್ಪತ್ರೆ ತೆರೆದರು. ಸಿಡ್ನಿಯ ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ನರ್ಸ್ ಎಥೆಲ್ ಬ್ಲಂಟ್ ಅವರನ್ನು 1906ರಲ್ಲಿ ಮದುವೆಯಾದರು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಆಪರೇಷನ್ ಮಾಡುವ ಡಾಕ್ಟರ್ ಕೆಲಸ. ರಸ್ತೆ ಕೆಟ್ಟದು, ಸೇತುವೆ ಇಲ್ಲ, ಕರೆಂಟ್ ಇಲ್ಲ. ಹಳ್ಳಿಯ ಡಾಕ್ಟರ್‌ಗೆ ರಸ್ತೆ ಅಂದರೆ ರೋಗಿ ಬದುಕಿರುವಾಗ ತಲುಪುತ್ತೇವೋ ಇಲ್ಲವೋ ಅನ್ನುವ ಪ್ರಶ್ನೆ. ಅವರ ರಾಜಕೀಯ ಇಲ್ಲಿಂದ ಶುರುವಾಯಿತು ಎಂದೇ ನನಗೆ ಅನಿಸುತ್ತದೆ. ನ್ಯೂಜಿಲೆಂಡ್‌ಗೆ ಹೋದಾಗ ಜಲವಿದ್ಯುತ್ ಯೋಜನೆ ನೋಡಿ ಬಂದವರು, ಕ್ಲಾರೆನ್ಸ್ ನದಿಗೂ ಅಣೆಕಟ್ಟು ಕಟ್ಟಬೇಕೆಂದು ಜೀವನಪೂರ್ತಿ ಹೇಳುತ್ತಲೇ ಇದ್ದರು. ಸಿಡ್ನಿಯ ಸರ್ಕಾರಕ್ಕೆ ಉತ್ತರದ ಜಿಲ್ಲೆಗಳು ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಬೇರೆ ರಾಜ್ಯ ಬೇಕು ಎಂಬ ಚಳವಳಿಗೂ ಅವರು ಮುಂದಾಳು. ಊರಿನ ಪತ್ರಿಕೆಯಲ್ಲಿ ಪಾಲು ತೆಗೆದುಕೊಂಡರು. ಗ್ರಾಫ್ಟನ್‌ನ ಎರಡು ದಡಗಳನ್ನು ಜೋಡಿಸುವ ಸೇತುವೆ ಆದದ್ದು 1932ರಲ್ಲಿ.

1916ರ ಆರಂಭದಲ್ಲಿ ಅವರು ಸೇನೆ ಸೇರಿದರು. ಆಗ ವಯಸ್ಸು 35. ಮನೆಯಲ್ಲಿ ಚಿಕ್ಕ ಮಕ್ಕಳು, ಊರಲ್ಲಿ ನಡೆಯುತ್ತಿದ್ದ ಆಸ್ಪತ್ರೆ. ಈಜಿಪ್ಟ್, ಇಂಗ್ಲೆಂಡ್, ಫ್ರಾನ್ಸ್ ಮೂರೂ ಕಡೆ ಕೆಲಸ ಮಾಡಿದರು. ಫ್ರಾನ್ಸ್‌ನಲ್ಲಿ ಯುದ್ಧಭೂಮಿಯ ಹಿಂದೆ ಇರುವ ಗಾಯಾಳುಗಳ ಕೇಂದ್ರದಲ್ಲಿ ಸರ್ಜನ್. ಗುಂಡು, ಸಿಡಿತಲೆ ಚೂರು ತಿಂದು ಬಂದವರಲ್ಲಿ ಯಾರನ್ನು ಮೊದಲು ಮೇಜಿಗೆ ಹಾಕಬೇಕು, ಯಾರನ್ನು ಹಿಂದಿನ ಆಸ್ಪತ್ರೆಗೆ ಕಳಿಸಬೇಕು ಎಂದು ತೀರ್ಮಾನಿಸುವ ಜಾಗ ಅದು. 1917ರಲ್ಲಿ ಊರಿಗೆ ಮರಳಿದರು. 1918ರಲ್ಲಿ ಸೌತ್ ಗ್ರಾಫ್ಟನ್‌ನ ಮೇಯರ್ ಆದರು. ಮರುವರ್ಷ ಕೌಪರ್ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದರು.

ಖಜಾನೆಯ ವರ್ಷಗಳು

ಇದನ್ನು ಬೇಗ ದಾಟೋಣ, ಆದರೆ ಪೂರ್ತಿ ಬಿಡುವಂತಿಲ್ಲ. 1920ರಲ್ಲಿ ರೈತಾಪಿ ಪ್ರದೇಶದ ಸದಸ್ಯರು ಸೇರಿ ಕಂಟ್ರಿ ಪಾರ್ಟಿ ಕಟ್ಟಿದರು. 1921ರ ಏಪ್ರಿಲ್‌ನಲ್ಲಿ ಪೇಜ್ ಅದರ ನಾಯಕ. 1922ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 14 ಸ್ಥಾನ ಗೆದ್ದ ಕಂಟ್ರಿ ಪಾರ್ಟಿಯ ಕೈಯಲ್ಲಿ ಕೀಲಿ ಬಂತು. ಪ್ರಧಾನಿ ಬಿಲ್ಲಿ ಹ್ಯೂಸ್ ಇಳಿದರೆ ಮಾತ್ರ ಬೆಂಬಲ ಎಂದರು ಪೇಜ್. ಹ್ಯೂಸ್ ಇಳಿದರು. 1923ರ ಫೆಬ್ರವರಿಯಲ್ಲಿ ಸ್ಟ್ಯಾನ್ಲಿ ಬ್ರೂಸ್ ಪ್ರಧಾನಿಯಾದರು. 11 ಸಚಿವ ಸ್ಥಾನಗಳಲ್ಲಿ 5 ಕಂಟ್ರಿ ಪಾರ್ಟಿಗೆ, ಹಣಕಾಸು ಪೇಜ್ ಅವರಿಗೆ.

ಒಬ್ಬ ಪ್ರಧಾನಿಯನ್ನು ತಾನು ಒಪ್ಪುವುದಿಲ್ಲ ಎಂದು ಹಠ ಹಿಡಿದು ಗೆದ್ದ ಈ ಮೊದಲ ಅನುಭವ 16 ವರ್ಷದ ನಂತರ ಅವರನ್ನು ದಾರಿ ತಪ್ಪಿಸಿತು ಎಂದು ನನ್ನ ಊಹೆ. ಅದು ಆಮೇಲೆ.

ಹಣಕಾಸಿನಲ್ಲಿ ಅವರ ದೊಡ್ಡ ಕೆಲಸ ಸಾಲದ್ದು. ರಾಜ್ಯಗಳೆಲ್ಲ ತಮ್ಮ ತಮ್ಮ ಪಾಡಿಗೆ ಲಂಡನ್‌ಗೆ ಹೋಗಿ ಸಾಲ ಕೇಳುತ್ತಿದ್ದವು. ಒಬ್ಬರ ಮೇಲೆ ಒಬ್ಬರು ಪೈಪೋಟಿಗೆ ಬಿದ್ದು ಬಡ್ಡಿ ಏರಿಸಿಕೊಳ್ಳುತ್ತಿದ್ದವು. ಎಲ್ಲರೂ ಒಂದೇ ಮಂಡಳಿಯ ಮೂಲಕ ಸಾಲ ಎತ್ತಬೇಕು ಎಂಬ ವ್ಯವಸ್ಥೆ ಮೊದಲು ಒಪ್ಪಿಗೆಯ ಮೇಲೆ ಬಂತು. 1927ರಲ್ಲಿ ಅದು ಒಪ್ಪಂದವಾಯಿತು. 1928ರ ಜನಮತಗಣನೆಯಲ್ಲಿ ಆರೂ ರಾಜ್ಯಗಳು ಹೌದು ಎಂದ ಮೇಲೆ ಸಂವಿಧಾನಕ್ಕೇ ಸೇರಿತು. ಆಸ್ಟ್ರೇಲಿಯಾದಲ್ಲಿ ಜನಮತಗಣನೆ ಗೆಲ್ಲುವುದು ಬಹಳ ಕಷ್ಟ. ಹಾಗಾಗಿ ಇದು ಸಣ್ಣ ಸಾಧನೆ ಅಲ್ಲ. ಇಲ್ಲಿ ಅವರ ರೀತಿ ಗಮನಿಸಿ: ಮೊದಲು ಎಲ್ಲರನ್ನೂ ಕೂರಿಸಿ ಒಪ್ಪಿಸುವುದು, ಕಾನೂನು ಆಮೇಲೆ. ಆದರೆ ಅದೇ ಕಾಲದಲ್ಲಿ ದೇಶದ ಸಾಲವೂ ಬೆಳೆಯಿತು. 1929ರಲ್ಲಿ ಸರ್ಕಾರ ಬಿದ್ದಾಗ ಮಹಾಕುಸಿತ ಬಾಗಿಲಲ್ಲೇ ಇತ್ತು. ವಿರೋಧಿಗಳು ಅವರ ಖಜಾನೆಯ ಕಾಲವನ್ನು ದುರಂತ ಎಂದೇ ಕರೆದರು.

1939ರ ಏಪ್ರಿಲ್

1934ರಿಂದ ಪೇಜ್ ಮತ್ತೆ ಸರ್ಕಾರದಲ್ಲಿದ್ದರು. ಈ ಸಲ ಯುನೈಟೆಡ್ ಆಸ್ಟ್ರೇಲಿಯಾ ಪಾರ್ಟಿಯ ಜೋಸೆಫ್ ಲಯನ್ಸ್ ಪ್ರಧಾನಿ. ಪೇಜ್ ವಾಣಿಜ್ಯ ಸಚಿವ, ಲಯನ್ಸ್ ಅವರಿಗೆ ಎರಡನೆಯವರು. ಸಂಪುಟದಲ್ಲಿದ್ದ ಇನ್ನೊಬ್ಬ ಪ್ರಬಲ ವ್ಯಕ್ತಿ ರಾಬರ್ಟ್ ಮೆನ್ಜೀಸ್, ಮೆಲ್ಬರ್ನ್‌ನ ವಕೀಲ, ವಯಸ್ಸಿನಲ್ಲಿ ಪೇಜ್‌ಗಿಂತ 14 ವರ್ಷ ಚಿಕ್ಕವರು.

ಜಗಳದ ಬೇರು ಆರೋಗ್ಯ ವಿಮೆಯಲ್ಲೇ ಇತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1938ರಲ್ಲಿ ಲಯನ್ಸ್ ಸರ್ಕಾರ ರಾಷ್ಟ್ರೀಯ ಆರೋಗ್ಯ ಮತ್ತು ಪಿಂಚಣಿ ವಿಮೆಯ ಕಾನೂನು ಪಾಸು ಮಾಡಿತು. ಸಂಬಳದ ಕೆಲಸಗಾರರು ಕಂತು ಕಟ್ಟಬೇಕು, ಡಾಕ್ಟರ್‌ಗೆ ವರ್ಷಕ್ಕೆ ತಲೆಗೆ ಇಷ್ಟು ಎಂದು ಸರ್ಕಾರ ಕೊಡುತ್ತದೆ. ಡಾಕ್ಟರ್‌ಗಳ ಸಂಘ ಆ ಮೊತ್ತ ಸಾಲದು ಎಂದು ಎದ್ದು ನಿಂತಿತು. ಸ್ವಂತ ಜಮೀನು ಮಾಡುವ ರೈತನಿಗೆ ಇದರಲ್ಲಿ ಏನೂ ಇಲ್ಲ ಎಂದು ಕಂಟ್ರಿ ಪಾರ್ಟಿ ಮುನಿಸಿಕೊಂಡಿತು. 1939ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಪಕ್ಕಕ್ಕಿಟ್ಟಿತು. ಮತದಾರರಿಗೆ ಕೊಟ್ಟ ಮಾತು ತಪ್ಪಿದ್ದೇವೆ ಎಂದು ಮೆನ್ಜೀಸ್ ಸಚಿವ ಸ್ಥಾನಕ್ಕೂ ಪಕ್ಷದ ಉಪನಾಯಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ಆರೋಗ್ಯ ವಿಮೆಗಾಗಿ ವಕೀಲರು ಕುರ್ಚಿ ಬಿಟ್ಟರು, ಅದನ್ನು ಪಕ್ಕಕ್ಕಿಟ್ಟ ಕಡೆ ಡಾಕ್ಟರ್ ಇದ್ದರು. ಈ ವಿಷಯದಲ್ಲಿ ಮೆನ್ಜೀಸ್ ನಡೆದುಕೊಂಡದ್ದೇ ಸರಿ ಎಂದು ನಾನು ನಂಬುತ್ತೇನೆ.

ಏಪ್ರಿಲ್ 7, ಗುಡ್ ಫ್ರೈಡೇ. ಲಯನ್ಸ್ ಸಿಡ್ನಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ಸತ್ತ ಮೊದಲ ಆಸ್ಟ್ರೇಲಿಯನ್ ಪ್ರಧಾನಿ ಅವರು. ಅವರ ಪಕ್ಷಕ್ಕೆ ಆಗ ಉಪನಾಯಕನೇ ಇರಲಿಲ್ಲ. ಹಾಗಾಗಿ ಗವರ್ನರ್ ಜನರಲ್ ಪೇಜ್ ಅವರಿಗೆ ಪ್ರಧಾನಿಯ ಪ್ರಮಾಣ ಬೋಧಿಸಿದರು. ದೊಡ್ಡ ಪಕ್ಷ ತನ್ನ ನಾಯಕನನ್ನು ಆರಿಸಿಕೊಳ್ಳುವ ತನಕ ಮಾತ್ರ.

ಆ ಪಕ್ಷ ಮೆನ್ಜೀಸ್ ಅವರನ್ನು ಆರಿಸಬಾರದು ಎಂದು ಪೇಜ್ ಕೈಲಾದದ್ದೆಲ್ಲ ಮಾಡಿದರು. ಮೆನ್ಜೀಸ್ ಬಂದರೆ ಕಂಟ್ರಿ ಪಾರ್ಟಿ ಜೊತೆಗಿರುವುದಿಲ್ಲ ಎಂದರು. ಲಂಡನ್‌ನಲ್ಲಿ ಹೈಕಮಿಷನರ್ ಆಗಿದ್ದ ಹಳೆಯ ಗೆಳೆಯ ಬ್ರೂಸ್ ವಾಪಸ್ ಬರಲಿ, ಬೇಕಾದರೆ ನನ್ನ ಕೌಪರ್ ಕ್ಷೇತ್ರವನ್ನೇ ಬಿಟ್ಟುಕೊಡುತ್ತೇನೆ ಎಂದರು. ಏನೂ ನಡೆಯಲಿಲ್ಲ. ಏಪ್ರಿಲ್ 18ರಂದು ಮೆನ್ಜೀಸ್ ಕೆಲವೇ ಮತಗಳ ಅಂತರದಲ್ಲಿ ಹ್ಯೂಸ್ ಅವರನ್ನು ಸೋಲಿಸಿ ನಾಯಕರಾದರು.

ಏಪ್ರಿಲ್ 20ರಂದು ಪೇಜ್ ಸದನದಲ್ಲಿ ಎದ್ದು ನಿಂತರು. ಇನ್ನೂ ಪ್ರಧಾನಿಯೇ ಅವರು. ಮೆನ್ಜೀಸ್ ಕೈಕೆಳಗೆ ತಾನು ಏಕೆ ಕೆಲಸ ಮಾಡಲಾರೆ ಎಂಬುದಕ್ಕೆ ಮೂರು ಕಾರಣ ಕೊಟ್ಟರು. ಅವರ ಲೆಕ್ಕದಲ್ಲಿ 24 ದಿನದ ಹಿಂದೆ ಮೆನ್ಜೀಸ್ ಸಂಪುಟ ಬಿಟ್ಟು ಹೋದರು. 24 ವಾರದ ಹಿಂದೆ ನಾಯಕತ್ವದ ಬಗ್ಗೆ ಭಾಷಣ ಮಾಡಿ ಲಯನ್ಸ್ ಅವರಿಗೆ ಚುಚ್ಚಿದರು. ಮತ್ತು 24 ವರ್ಷದ ಹಿಂದೆ, 1915ರಲ್ಲಿ, ಸೇನೆಯ ಅಧಿಕಾರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಯುದ್ಧಕ್ಕೆ ಹೋಗದೆ ಉಳಿದರು. ಯುದ್ಧ ಹತ್ತಿರ ಬರುತ್ತಿರುವಾಗ ಇಂಥವರು ದೇಶವನ್ನು ಹೇಗೆ ಒಟ್ಟುಗೂಡಿಸುತ್ತಾರೆ ಎಂಬುದು ಮಾತಿನ ಸಾರ.

ಮೂರನೆಯ ಮಾತು ಎಷ್ಟು ಆಳಕ್ಕೆ ಹೋಗಿ ನಾಟಿತು ಎಂದು ತಿಳಿಯಬೇಕಾದರೆ ಹಿಂದಿನ ಕಥೆ ಬೇಕು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೇನೆ ಪೂರ್ತಿ ಸ್ವಇಚ್ಛೆಯಿಂದ ಸೇರಿದವರದು. ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಅದರಲ್ಲಿ ಸುಮಾರು 4.16 ಲಕ್ಷ ಜನ ಸೇರಿದರು. ಸುಮಾರು 60 ಸಾವಿರ ಮಂದಿ ವಾಪಸ್ ಬರಲೇ ಇಲ್ಲ. ಕಡ್ಡಾಯ ಸೇನಾ ಸೇವೆ ತರಬೇಕೆ ಎಂದು ಸರ್ಕಾರ 1916ರಲ್ಲಿ ಒಮ್ಮೆ, 1917ರಲ್ಲಿ ಇನ್ನೊಮ್ಮೆ ಜನರನ್ನು ಕೇಳಿತು. ಎರಡೂ ಸಲ ಜನ ಬೇಡ ಎಂದರು. ಅಂದರೆ ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಒಂದೊಂದು ಮನೆಯ ಅಡುಗೆಮನೆಯಲ್ಲಿ ಆಯಿತು. ಒಬ್ಬ ಮಗ ಹೋದರೆ ಇನ್ನೊಬ್ಬ ಉಳಿಯಬೇಕು, ಅಪ್ಪನಿಗೆ ವಯಸ್ಸಾಗಿದೆ, ಅಮ್ಮ ತಡೆಯಲಾರಳು, ಇಂಥ ಲೆಕ್ಕಗಳು. ಹೋಗದೆ ಉಳಿದ ಲಕ್ಷಾಂತರ ಗಂಡಸರು 1939ರಲ್ಲಿ ಬದುಕಿದ್ದರು, ಮತ ಹಾಕುತ್ತಿದ್ದರು. ಸದನದಲ್ಲೂ ಇದ್ದರು.

ಸದನದಲ್ಲಿ ಗದ್ದಲ ಎದ್ದಿತು. ಎದುರು ಪಕ್ಷದಿಂದ ಮಾತ್ರವಲ್ಲ, ತಮ್ಮ ಕಡೆಯಿಂದಲೂ. ಮೆನ್ಜೀಸ್ ಶಾಂತವಾಗಿ ಉತ್ತರ ಕೊಟ್ಟರು. ನಾನು ಯಾವುದಕ್ಕೂ ರಾಜೀನಾಮೆ ಕೊಟ್ಟಿಲ್ಲ, ಕಡ್ಡಾಯ ತರಬೇತಿಯ ಅವಧಿ ಮುಗಿಸಿದೆ ಅಷ್ಟೇ ಎಂದರು. ಅವರ ಇಬ್ಬರು ಸಹೋದರರು ಯುದ್ಧಕ್ಕೆ ಹೋಗಿದ್ದರು. ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಸಾರ್ವಜನಿಕ ವೇದಿಕೆಯಲ್ಲಿ ಸಿಗುವಂಥದ್ದಲ್ಲ, ಅದು ಕುಟುಂಬದ ಒಳಗಿನ ತೀರ್ಮಾನ ಎಂದರು. ಅಲ್ಲಿಗೆ ಮಾತು ಮುಗಿಯಿತು, ಪೇಜ್ ಅವರ ವಾದವೂ ಮುಗಿಯಿತು.

ಪೇಜ್ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗೆಳೆಯ ಸತ್ತು ಎರಡು ವಾರವೂ ಆಗಿರಲಿಲ್ಲ. ಲಯನ್ಸ್ ಅವರನ್ನು ಮೆನ್ಜೀಸ್ ಕೊನೆಯ ತಿಂಗಳುಗಳಲ್ಲಿ ಕುಗ್ಗಿಸಿದರು ಎಂಬ ನೋವು ಅವರಿಗಿತ್ತು. ಮೊದಲ ಎರಡು ಕಾರಣ ರಾಜಕೀಯದ ಒಳಗಿನ ಮಾತು, ಸರಿಯೋ ತಪ್ಪೋ ಚರ್ಚೆ ಮಾಡಬಹುದು. ಮೂರನೆಯದು ಹಾಗಲ್ಲ. ಫ್ರಾನ್ಸ್‌ನಲ್ಲಿ ಗಾಯಾಳುಗಳ ಮೈ ಹೊಲಿದ ಸರ್ಜನ್‌ಗೆ ಯುದ್ಧ ಅಂದರೆ ಏನು ಎಂದು ಆ ಸದನದಲ್ಲಿದ್ದ ಹೆಚ್ಚಿನವರಿಗಿಂತ ಚೆನ್ನಾಗಿ ಗೊತ್ತಿತ್ತು. 20 ವರ್ಷದ ಹುಡುಗರ ಮನೆಯವರು ಯಾಕೆ ಹೆದರಿದರು ಎಂಬುದೂ ಅವರಿಗೇ ಎಲ್ಲರಿಗಿಂತ ಜಾಸ್ತಿ ಗೊತ್ತಿರಬೇಕಿತ್ತು, ಅಲ್ವಾ? ಯುದ್ಧ ಶುರುವಾದದ್ದು 1914ರ ಆಗಸ್ಟ್‌ನಲ್ಲಿ. ಅವರು ಸೇರಿದ್ದು 1916ರಲ್ಲಿ. ನಡುವಿನ ತಿಂಗಳುಗಳಲ್ಲಿ ಅವರೂ ಹೆಂಡತಿ, ಮಕ್ಕಳು, ಆಸ್ಪತ್ರೆ ಎಂದು ತೂಗಿ ನೋಡಿರಲೇಬೇಕು. ಅದರಲ್ಲಿ ತಪ್ಪೇನೂ ಇಲ್ಲ. ತನಗೆ ಕೊಟ್ಟುಕೊಂಡ ಆ ಸಮಯವನ್ನು ಇನ್ನೊಬ್ಬರಿಗೆ ಕೊಡಲಿಲ್ಲ ಎಂಬುದೇ ತಪ್ಪು.

ಪೆಟ್ಟು ಬೇಗನೆ ಬಿತ್ತು. ಕ್ವೀನ್ಸ್‌ಲ್ಯಾಂಡ್‌ನ ಇಬ್ಬರು ಕಂಟ್ರಿ ಪಾರ್ಟಿ ಸದಸ್ಯರು, ಆರ್ಥರ್ ಫ್ಯಾಡನ್ ಮತ್ತು ಬರ್ನಾರ್ಡ್ ಕಾರ್ಸರ್, ಪೇಜ್ ನಾಯಕರಾಗಿರುವ ತನಕ ಪಕ್ಷದ ಸಭೆಗೆ ಬರುವುದಿಲ್ಲ ಎಂದು ಹೊರನಡೆದರು. ಏಪ್ರಿಲ್ 26ರಂದು ಮೆನ್ಜೀಸ್ ಪ್ರಧಾನಿಯಾದರು, ಕಂಟ್ರಿ ಪಾರ್ಟಿ ಇಲ್ಲದೆಯೇ. ಸೆಪ್ಟೆಂಬರ್ 3ರಂದು ಯುದ್ಧ ಬಂತು. ಹತ್ತು ದಿನದಲ್ಲಿ ಪೇಜ್ 18 ವರ್ಷ ಹಿಡಿದಿದ್ದ ಪಕ್ಷದ ನಾಯಕತ್ವ ಬಿಟ್ಟರು. 1940ರಲ್ಲಿ ಮತ್ತೆ ನಾಯಕತ್ವಕ್ಕೆ ನಿಂತಾಗ ಅವರಿಗೂ ಜಾನ್ ಮೆಕ್ಯೂವನ್ ಅವರಿಗೂ ಮತ ಸರಿಸಮ ಬಂತು. ಕೊನೆಗೆ ನಾಯಕತ್ವ ಹೋದದ್ದು, ಅವರ ಮಾತು ಸಹಿಸದೆ ಹೊರಗೆ ಹೋಗಿದ್ದ ಫ್ಯಾಡನ್‌ಗೆ.

ಯುದ್ಧಕ್ಕೆ ಹೋಗದವರು ಯುದ್ಧಕಾಲದಲ್ಲಿ ದೇಶ ನಡೆಸಲಾರರು ಎಂಬ ವಾದವನ್ನು ಮುಂದಿನ ವರ್ಷಗಳೇ ಪರೀಕ್ಷೆ ಮಾಡಿದವು. 1941ರ ಅಕ್ಟೋಬರ್‌ನಲ್ಲಿ ಪ್ರಧಾನಿಯಾದ ಲೇಬರ್ ಪಕ್ಷದ ಜಾನ್ ಕರ್ಟಿನ್ ಮೊದಲ ಯುದ್ಧದಲ್ಲಿ ಕಡ್ಡಾಯ ಸೇನಾ ಸೇವೆ ವಿರೋಧಿಸಿ 1916ರಲ್ಲಿ ಜೈಲಿಗೂ ಹೋಗಿದ್ದವರು. ದೇಶವನ್ನು ಯುದ್ಧದ ಅತಿ ಕಷ್ಟದ ವರ್ಷಗಳಲ್ಲಿ ದಾಟಿಸಿದವರು ಅವರೇ. 1942ರ ಫೆಬ್ರವರಿಯಲ್ಲಿ ಪೇಜ್ ಲಂಡನ್‌ನಲ್ಲಿ ಆಸ್ಟ್ರೇಲಿಯಾದ ಪ್ರತಿನಿಧಿಯಾಗಿ ಬ್ರಿಟಿಷ್ ಯುದ್ಧ ಸಂಪುಟದಲ್ಲಿ ಕೂರುತ್ತಿದ್ದರು. ಪಶ್ಚಿಮ ಏಷ್ಯಾದಿಂದ ಹಡಗಿನಲ್ಲಿ ಬರುತ್ತಿದ್ದ ಆಸ್ಟ್ರೇಲಿಯಾದ 7ನೇ ಡಿವಿಷನ್ ಬರ್ಮಾಕ್ಕೆ ಹೋಗಲಿ ಎಂದು ಚರ್ಚಿಲ್ ಪಟ್ಟು ಹಿಡಿದರು. ಪೇಜ್ ಕೂಡ ಅದೇ ಸಲಹೆ ಕೊಟ್ಟರು. ಕರ್ಟಿನ್ ಒಪ್ಪಲಿಲ್ಲ, ನಮ್ಮ ಹುಡುಗರು ಮನೆಗೆ ಬರಲಿ ಎಂದರು. ಮಾರ್ಚ್ 8ರಂದು ರಂಗೂನ್ ಜಪಾನಿಗಳ ಕೈಗೆ ಬಿತ್ತು. ಕ್ಯಾಪ್ಟನ್ ಪೇಜ್ ಗಾಯಾಳುಗಳನ್ನು ನೋಡಿದ್ದರು, ನಿಜ. ಡಿವಿಷನ್ ಎಲ್ಲಿಗೆ ಕಳಿಸಬೇಕು ಎಂಬ ತಿಳಿವಳಿಕೆ ಅದರ ಜೊತೆಗೆ ತಾನಾಗಿ ಬರುವುದಿಲ್ಲ.

139 ಔಷಧಿಗಳು

1949ರ ಡಿಸೆಂಬರ್‌ನಲ್ಲಿ ಮೆನ್ಜೀಸ್ ಮತ್ತೆ ಗೆದ್ದು ಬಂದರು. ಆರೋಗ್ಯ ಖಾತೆ ಯಾರಿಗೆ? 69 ವರ್ಷದ ಪೇಜ್‌ಗೆ. ಸದನದಲ್ಲಿ ತನ್ನನ್ನು ಹೇಡಿ ಎಂಬಂತೆ ಮಾತಾಡಿದ್ದವರನ್ನು ಹತ್ತು ವರ್ಷದ ನಂತರ ಕರೆದು, 1939ರಲ್ಲಿ ತಾನು ರಾಜೀನಾಮೆ ಕೊಟ್ಟ ಅದೇ ವಿಷಯವನ್ನು ಕೈಗಿಟ್ಟರು. ಮೆನ್ಜೀಸ್ ಬಗ್ಗೆ ನನಗೆ ಗೌರವ ಹೆಚ್ಚುವುದು ಇಲ್ಲಿ.

ಆಗಿನ ಪರಿಸ್ಥಿತಿ ಗಂಟುಗಂಟಾಗಿತ್ತು. ಲೇಬರ್ ಸರ್ಕಾರ 1944ರಲ್ಲಿ ಉಚಿತ ಔಷಧಿಯ ಕಾನೂನು ತಂದಿತ್ತು. 1945ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಕೇಂದ್ರಕ್ಕೆ ಆ ಅಧಿಕಾರವೇ ಇಲ್ಲ ಎಂದು. ಆಸ್ಟ್ರೇಲಿಯಾದಲ್ಲಿ ಹೈಕೋರ್ಟ್ ಅಂದರೆ ದೇಶದ ಅತಿ ದೊಡ್ಡ ಕೋರ್ಟು. 1946ರ ಜನಮತಗಣನೆಯಲ್ಲಿ ಸಂವಿಧಾನ ತಿದ್ದಿ ಆ ಅಧಿಕಾರ ಪಡೆದರು. ಆದರೆ ಡಾಕ್ಟರ್‌ಗಳನ್ನು ಬಲವಂತವಾಗಿ ಸೇವೆಗೆ ಎಳೆಯುವಂತಿಲ್ಲ ಎಂಬ ಷರತ್ತು ಅದರಲ್ಲಿ ಸೇರಿತು. ಆಗ ವಿರೋಧ ಪಕ್ಷದಲ್ಲಿದ್ದ ಮೆನ್ಜೀಸ್ ಅವರೇ ಸೇರಿಸಿದ್ದು. ಲೇಬರ್ ಪ್ರಧಾನಿ ಚಿಫ್ಲಿ ಅವರ ಸರ್ಕಾರ ಮತ್ತೆ ಕಾನೂನು ಮಾಡಿ, ಔಷಧಿಯನ್ನು ಸರ್ಕಾರದ ಫಾರಂನಲ್ಲೇ ಬರೆದುಕೊಡಬೇಕು ಎಂದಿತು. ಡಾಕ್ಟರ್‌ಗಳು ಬರೆಯಲಿಲ್ಲ. ದಂಡ ಹಾಕುತ್ತೇವೆ ಎಂದಾಗ ಕೋರ್ಟಿಗೆ ಹೋದರು. 1949ರಲ್ಲಿ ಕೋರ್ಟು ಡಾಕ್ಟರ್‌ಗಳ ಪರ ನಿಂತಿತು. ಐದು ವರ್ಷದ ಜಗಳದಲ್ಲಿ ರೋಗಿಗೆ ಸಿಕ್ಕಿದ್ದು ಏನೂ ಇಲ್ಲ ಎಂದರೂ ನಡೆಯುತ್ತದೆ.

ಪೇಜ್ ಬೇರೆ ಕಡೆಯಿಂದ ಕೈ ಹಾಕಿದರು. ಎಲ್ಲ ಔಷಧಿ ಉಚಿತ ಎನ್ನುವುದನ್ನು ಬಿಟ್ಟು, ಜೀವ ಉಳಿಸುವ ಮತ್ತು ರೋಗ ತಡೆಯುವ 139 ಔಷಧಿಗಳ ಪಟ್ಟಿ ಮಾಡಿಸಿದರು. ಆಗ ಪೆನಿಸಿಲಿನ್‌ನಂಥ ಔಷಧಿಗಳು ಹೊಸವು, ದುಬಾರಿ. ಇವು ಬೇಕಾದಾಗ ಬೇಕೇ ಬೇಕು. ಬಡವ, ಸಾಹುಕಾರ ಎನ್ನದೆ ಎಲ್ಲರಿಗೂ ಇವು ಉಚಿತ. 1950ರಲ್ಲಿ ಇದು ಜಾರಿಗೆ ಬಂತು. ಡಾಕ್ಟರ್‌ಗಳು ಒಪ್ಪಿದರು. 1902ರ ಹೊತ್ತಿಗೆ ಒಂದು ಸೋಂಕಿನಿಂದ ಸಾಯುವುದರಲ್ಲಿದ್ದ ತರುಣ ಡಾಕ್ಟರ್, ಸುಮಾರು 50 ವರ್ಷದ ನಂತರ ಸೋಂಕಿನ ಔಷಧಿಯನ್ನು ಇಡೀ ದೇಶಕ್ಕೆ ಉಚಿತ ಮಾಡಿದರು. ಅದಕ್ಕಾಗಿಯೇ ಇದು ಎಂದು ನಾನು ಹೇಳುವುದಿಲ್ಲ. ಆದರೆ ಯಾವ ಔಷಧಿ ಇಲ್ಲದಿದ್ದರೆ ಮನುಷ್ಯ ಸಾಯುತ್ತಾನೆ, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ಬೇರೆ ಮಾಡುವ ಕಣ್ಣು ಡಾಕ್ಟರ್ ಕಣ್ಣೇ. ಗಾಯಾಳುಗಳ ಕೇಂದ್ರದಲ್ಲಿ ಯಾರು ಮೊದಲು ಎಂದು ಆರಿಸುವ ಅಭ್ಯಾಸವೂ ಅದೇ ಜಾತಿಯದು. ಸೇನೆಯ ಅನುಭವ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು ಎನ್ನಬೇಕು, ಯಾರೂ ಅದರ ಹೆಸರು ಎತ್ತದಿದ್ದರೂ.

ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋದರು. ಶಾಲೆ ಮಕ್ಕಳಿಗೆ ಉಚಿತ ಹಾಲು. 1951ರಲ್ಲಿ ಪಿಂಚಣಿದಾರರಿಗೆ ಉಚಿತ ಡಾಕ್ಟರ್ ಸೇವೆ, ಡಾಕ್ಟರ್ ಫೀಸನ್ನು ಸರ್ಕಾರವೇ ಕೊಡುತ್ತದೆ. ಆಮೇಲೆ ಆಸ್ಪತ್ರೆ ಖರ್ಚಿಗೆ ನೆರವು, ಡಾಕ್ಟರ್ ಖರ್ಚಿಗೆ ನೆರವು. ಇದೆಲ್ಲವನ್ನೂ 1953ರ ರಾಷ್ಟ್ರೀಯ ಆರೋಗ್ಯ ಕಾಯ್ದೆ ಒಂದೇ ಕಡೆ ಕಟ್ಟಿತು.

ಯೋಜನೆ ನಡೆಯುತ್ತಿದ್ದ ರೀತಿ ಹೀಗೆ. ನೀವು ಲಾಭವಿಲ್ಲದೆ ನಡೆಯುವ ಒಂದು ವಿಮಾ ಸಂಸ್ಥೆಗೆ ಸೇರಿ ಕಂತು ಕಟ್ಟಬೇಕು. ಕಾಯಿಲೆ ಬಂದರೆ ಡಾಕ್ಟರ್ ಬಳಿ ಹೋಗಿ ಫೀಸು ಕೊಡಬೇಕು. ರಸೀದಿ ಒಪ್ಪಿಸಿದರೆ ಸರ್ಕಾರದಿಂದ ಒಂದು ಪಾಲು, ಸಂಸ್ಥೆಯಿಂದ ಒಂದು ಪಾಲು ವಾಪಸ್. ಉಳಿದದ್ದು ನಿಮ್ಮದೇ ಕೈಯಿಂದ. ಡಾಕ್ಟರ್ ಸರ್ಕಾರದ ನೌಕರ ಆಗುವುದಿಲ್ಲ, ಫೀಸು ಎಷ್ಟೆಂದು ಸರ್ಕಾರ ಕಟ್ಟುನಿಟ್ಟು ಮಾಡುವುದಿಲ್ಲ. ಡಾಕ್ಟರ್‌ಗಳ ಸಂಘಕ್ಕೆ ಬೇಕಾಗಿದ್ದದ್ದು ಇದೇ. 1938ರ ತಲೆಗೆ ಇಷ್ಟು ಎಂಬ ಲೆಕ್ಕವನ್ನು ಅವರು ಏಕೆ ಒಪ್ಪಲಿಲ್ಲ, ಚಿಫ್ಲಿಯ ಫಾರಂ ಏಕೆ ಮುಟ್ಟಲಿಲ್ಲ ಎಂಬುದು ಪೇಜ್‌ಗೆ ಹೇಳಿಕೊಡಬೇಕಾಗಿರಲಿಲ್ಲ. ಅವರೂ ಫೀಸು ತೆಗೆದುಕೊಂಡು ಆಸ್ಪತ್ರೆ ನಡೆಸಿದ್ದವರೇ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಡಾಕ್ಟರ್ ಮಂತ್ರಿಯಾದಾಗ ಡಾಕ್ಟರ್‌ಗಳ ಕಷ್ಟ ಬೇಗ ಕಾಣುತ್ತದೆ. ರೋಗಿಯ ಕಷ್ಟ, ಅದರಲ್ಲೂ ಆಸ್ಪತ್ರೆಯ ಬಾಗಿಲಿಗೇ ಬರದ ರೋಗಿಯ ಕಷ್ಟ, ಅಷ್ಟು ಕಾಣುವುದಿಲ್ಲ. ಕಂತು ಕಟ್ಟಲು ದುಡ್ಡಿಲ್ಲದವರು ಈ ಯೋಜನೆಯ ಹೊರಗೇ ಉಳಿದರು. ಸಂಬಳ ಕಡಿಮೆ ಇದ್ದವನಿಗೂ ಜಾಸ್ತಿ ಇದ್ದವನಿಗೂ ಒಂದೇ ಕಂತು. ಜನ ತಾವೇ ಮುಂದೆ ಬಂದು ಉಳಿಸಿಕೊಳ್ಳಬೇಕು, ಸರ್ಕಾರ ಅದಕ್ಕೆ ಕೈ ಸೇರಿಸಬೇಕು ಎಂಬುದು ಪೇಜ್ ಅವರ ಗಟ್ಟಿ ನಂಬಿಕೆ. ಒಳ್ಳೆಯ ನಂಬಿಕೆಯೇ. ಆದರೆ ವಾರದ ಕೊನೆಗೆ ಕೈಯಲ್ಲಿ ಏನೂ ಉಳಿಯದ ಮನೆಗೆ ಇದು ಉತ್ತರ ಆಗಲಿಲ್ಲ. ಆ ಮನೆಯವರ ಪರವಾಗಿ ಮಾತಾಡಲು ಮಾತುಕತೆಯ ಮೇಜಿನಲ್ಲಿ ಯಾರೂ ಇರಲಿಲ್ಲ. ಒಂದು ಕಡೆ ಡಾಕ್ಟರ್‌ಗಳ ಸಂಘ, ಎದುರಿಗೆ ಮಂತ್ರಿ, ಅವರೂ ಡಾಕ್ಟರ್. ಇದನ್ನು ನಾನು ದೊಡ್ಡ ಕೊರತೆ ಎಂದೇ ಎಣಿಸುತ್ತೇನೆ. ಆದರೂ 1945ರಿಂದ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದ ವಿಷಯ ಪೇಜ್ ಮಂತ್ರಿಯಾದ ನಾಲ್ಕು ವರ್ಷದೊಳಗೆ ಕಾನೂನಾಗಿ ನಡೆಯತೊಡಗಿತು ಎಂಬುದನ್ನೂ ಮರೆಯುವಂತಿಲ್ಲ.

ಪೇಜ್ 1956ರ ಜನವರಿಯಲ್ಲಿ ಖಾತೆ ಬಿಟ್ಟರು, ಸಂಸತ್ತು ಬಿಡಲಿಲ್ಲ. ಅರ್ಮಿಡೇಲ್‌ನಲ್ಲಿ ಆಗತಾನೇ ಸ್ವತಂತ್ರವಾಗಿದ್ದ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿಯೂ ಆಗಿದ್ದರು. 81ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಇದ್ದಾಗಲೂ, 1961ರ ಚುನಾವಣೆಗೆ ನಿಂತರು. ಮತದಾನದ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ. ಕೌಪರ್ ಅನ್ನು ಲೇಬರ್ ಗೆದ್ದುಕೊಂಡಿತು. ಡಿಸೆಂಬರ್ 20ರಂದು ಅವರು ತೀರಿಕೊಂಡರು. ಬೇರೆ ರಾಜ್ಯದ ಕನಸಿಗೆ ಅವರು ಹೋದ ಮೇಲೆ, 1967ರಲ್ಲಿ, ಜನಮತಗಣನೆ ನಡೆದು ಸೋಲಾಯಿತು.

ಅವರ ಆರೋಗ್ಯ ಯೋಜನೆಯ ಲೆಕ್ಕ 1969ರಲ್ಲಿ ನಡೆಯಿತು. ನ್ಯಾಯಮೂರ್ತಿ ನಿಮ್ಮೋ ಅವರ ಸಮಿತಿ, ಕಂತು ಕಟ್ಟುವುದು ಬಹಳ ಜನರಿಗೆ ಶಕ್ತಿ ಮೀರಿದ್ದು, ವಾಪಸ್ ಬರುವ ದುಡ್ಡು ಖರ್ಚಿಗೆ ಸಾಲದು ಎಂದು ವರದಿ ಕೊಟ್ಟಿತು. 1975ರಲ್ಲಿ ಲೇಬರ್ ಸರ್ಕಾರ ಎಲ್ಲರಿಗೂ ಅನ್ವಯವಾಗುವ ಮೆಡಿಬ್ಯಾಂಕ್ ಎಂಬ ಆರೋಗ್ಯ ವಿಮೆ ತಂದಿತು. ಮುಂದಿನ ಸರ್ಕಾರ ಅದನ್ನು ಬಿಚ್ಚಿಹಾಕಿತು. 1984ರ ಫೆಬ್ರವರಿ 1ರಂದು ಅದೇ ವಿಚಾರ ಮೆಡಿಕೇರ್ ಎಂಬ ಹೆಸರಲ್ಲಿ ಮರಳಿ ಬಂತು. ಡಾಕ್ಟರ್ ಖರ್ಚಿಗೆ ಪೇಜ್ ಮಾಡಿದ್ದ ಕಂತಿನ ವ್ಯವಸ್ಥೆಯ ಜಾಗಕ್ಕೆ ಹೀಗೆ ಬೇರೆಯೇ ಬಂತು. ಔಷಧಿಯ ಭಾಗ ಮಾತ್ರ ಹೋಗಲಿಲ್ಲ. 1960ರಲ್ಲಿ ಚೀಟಿಗೆ 5 ಶಿಲ್ಲಿಂಗ್ ರೋಗಿಯಿಂದ ಪಡೆಯತೊಡಗಿದರು, ಪಟ್ಟಿಗೆ ನೂರಾರು ಔಷಧಿ ಸೇರಿದವು. ಇವತ್ತು ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡದ ಮನೆಯವರು ಮೆಡಿಕೇರ್ ಕಾರ್ಡ್ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ಪಟ್ಟಿಯಲ್ಲಿರುವ ಔಷಧಿ ತೆಗೆದುಕೊಂಡರೆ ಒಂದು ಗೊತ್ತಾದ ಮೊತ್ತಕ್ಕಿಂತ ಹೆಚ್ಚು ಕೊಡಬೇಕಿಲ್ಲ, ಮಿಕ್ಕದ್ದು ಸರ್ಕಾರದ್ದು. ಯಾವ ಔಷಧಿ ಆ ಪಟ್ಟಿಗೆ ಸೇರಬೇಕು ಎಂದು ತಜ್ಞರ ಸಮಿತಿಯೊಂದು ಈಗಲೂ ಕೂತು ನೋಡುತ್ತದೆ, 1953ರ ಅದೇ ಕಾಯ್ದೆಯ ಕೆಳಗೆ.